ರಜೆಗೆ ಊರಿಗೆ ಹೊರಟಿರಾ? ಟಿಕೆಟ್‌ಗಿಂತ ಮೊದಲು ರಾತ್ರಿ ಎಣಿಸಿ

ಊರಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಪಕ್ಕದ ಮನೆಯ ಕಾಕು ಕೇಳುತ್ತಾರೆ: “ಯಾವಾಗ ಬಂದ್ರಿ? ಮತ್ತ ಎಂದ ಹೊಂಟ್ರಿ?” ಎರಡನೇ ಪ್ರಶ್ನೆಗೆ ನನಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಬಂದು ಹತ್ತು ನಿಮಿಷ ಆಗಿಲ್ಲ, ಆಗಲೇ ಹೋಗೋ ದಿನ ಕೇಳ್ತಾರಲ್ಲ ಅಂತ. ನಮ್ಮ ಮನೆಗೆ ಒಂದು ಹೊತ್ತು ಸಿಗುತ್ತೀರೋ ಇಲ್ಲವೋ ಅನ್ನುವುದನ್ನು ಕಾಕು ಹಾಗೆ ಕೇಳುತ್ತಿದ್ದರು ಅಂತ ಗೊತ್ತಾಗಲು ನನಗೆ ನಾಲ್ಕೈದು ರಜೆ ಬೇಕಾಯಿತು.

ನಾವಿರುವುದು ಶಾರ್ಜಾದಲ್ಲಿ, ಹನ್ನೊಂದು ವರ್ಷದಿಂದ. ಯಜಮಾನರದು ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಹಳ್ಳಿ. ನನ್ನ ತವರು ಬಾಗಲಕೋಟೆಯ ನವನಗರ. ಒಂದು ವರ್ಷ ಇಪ್ಪತ್ನಾಲ್ಕು ದಿನದ ರಜೆಯಲ್ಲಿ ಹತ್ತೊಂಬತ್ತು ಮನೆ ಸುತ್ತಿದ್ದೆವು. ವಾಪಸ್ ವಿಮಾನದಲ್ಲಿ ಮಗಳು ಕೇಳಿದಳು, “ಮಮ್ಮಿ, ಅದರಲ್ಲಿ ನಿನ್ನ ಸ್ವಂತ ಚಿಗವ್ವ ಯಾರು?” ಲೆಕ್ಕ ಹಾಕಿ ನೋಡಿದೆ. ಅವ್ವನ ಮನೆಯಲ್ಲಿ ನಾನು ಮಲಗಿದ್ದು ನಾಲ್ಕೇ ರಾತ್ರಿ. ಅದರಲ್ಲಿ ಒಂದು ರಾತ್ರಿ ಬ್ಯಾಗ್ ತುಂಬುವುದರಲ್ಲೇ ಹೋಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ರಜೆಯನ್ನು ದಿನದ ಲೆಕ್ಕದಲ್ಲಿ ಹಿಡಿಯುವುದಿಲ್ಲ, ರಾತ್ರಿಯ ಲೆಕ್ಕದಲ್ಲಿ ಹಿಡಿಯುತ್ತೇವೆ.

ಮೊದಲು: ರಾತ್ರಿಗಳನ್ನು ಹಂಚಿ

ಟಿಕೆಟ್ ನೋಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ಒಬ್ಬರೇ ಬರೆದರೆ ಊರಿಗೆ ಹೋದ ಮೇಲೆ ಜಗಳ ಖಾತ್ರಿ. 28 ರಾತ್ರಿಗೆ ನಮ್ಮ ಹಾಳೆ ಹೀಗಿರುತ್ತದೆ: ಅತ್ತೆ ಮನೆಗೆ 9, ತವರಿಗೆ 9, ಅಕ್ಕನ ಮನೆಗೆ 1, ಯಜಮಾನರ ಸೋದರತ್ತೆ ಮನೆಗೆ 1, ತಿರುಗಾಟಕ್ಕೆ 1, ಪ್ರಯಾಣಕ್ಕೆ 2. ಉಳಿದ 5 ಖಾಲಿ.

ಆ ಐದು ಖಾಲಿ ರಾತ್ರಿಗೆ ಯಾರ ಹೆಸರನ್ನೂ ಬರೆಯಬೇಡಿ. ಮಗುವಿಗೆ ಜ್ವರ ಬರುತ್ತದೆ, ಮಳೆ ಹಿಡಿಯುತ್ತದೆ, ಯಾರದೋ ಮದುವೆ ನಿಶ್ಚಯ ಎದುರಾಗುತ್ತದೆ, ಯಾರೋ ತೀರಿಕೊಳ್ಳುತ್ತಾರೆ. ಏನೂ ಆಗದಿದ್ದರೆ ಆ ರಾತ್ರಿಗಳು ಮನೆಯಲ್ಲಿ ಯಾರು ಜಾಸ್ತಿ ವಯಸ್ಸಾದವರೋ ಅವರಿಗೆ.

ಇನ್ನೊಂದು ಮಾತು. ರಾತ್ರಿಗಳನ್ನು ತುಂಡು ತುಂಡು ಮಾಡಬೇಡಿ. ಎರಡು ದಿನ ಇಲ್ಲಿ, ಮೂರು ದಿನ ಅಲ್ಲಿ, ಮತ್ತೆ ಇಲ್ಲಿ ಅಂತ ಓಡಾಡಿದರೆ ಎರಡೂ ಮನೆಯವರಿಗೆ ನೀವು ಬಂದಂತೆಯೇ ಅನಿಸುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಅತ್ತೆ. “ನೀ ಮೊದಲ ತವರಿಗೆ ಹೋಗಿ ಬಾ ತಂಗಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮನಿಗೆ ಬಂದ ಮ್ಯಾಲೆ ಮತ್ತ ಅತ್ತಾಗ ಓಡಬ್ಯಾಡ” ಅಂದರು. ಮೊದಲು ಯಾವ ಕಡೆ ಅನ್ನುವುದಕ್ಕೂ ಆವತ್ತೇ ಕಟ್ಟಳೆ ಆಯಿತು: ಒಂದು ವರ್ಷ ತವರು, ಒಂದು ವರ್ಷ ಅತ್ತೆ ಮನೆ. ಈ ಹಂಚಿಕೆಯನ್ನು ಎರಡೂ ಕಡೆಗೆ ಫೋನಿನಲ್ಲಿ ಮೊದಲೇ ಹೇಳಿಬಿಡಿ. ಬಂದ ಮೇಲೆ ಹೇಳಿದರೆ ಅದು ಮುನಿಸಿಗೆ ಕಾರಣವಾಗುತ್ತದೆ.

ಯಾವ ತಿಂಗಳು?

ಕೊಲ್ಲಿಯಲ್ಲಿ ಮಕ್ಕಳ ಶಾಲೆಗೆ ಜುಲೈ-ಆಗಸ್ಟ್ ರಜೆ. ಬೆಂಗಳೂರಿನವರು “ಮಳೆಗಾಲದಲ್ಲಿ ಯಾಕ್ರೀ ಹೋಗ್ತೀರಿ” ಅನ್ನುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದಕ್ಕಿಂತ ಒಳ್ಳೆಯ ತಿಂಗಳು ಬೇರೆ ಇಲ್ಲ, ಯಾಕಂದರೆ ನಾಗರ ಪಂಚಮಿ ಬರುವುದು ಆವಾಗಲೇ. ರೊಟ್ಟಿ ಹಬ್ಬ, ಓಣಿ ತುಂಬ ಒಬ್ಬರ ಮನೆಯ ರೊಟ್ಟಿ-ಪಲ್ಲೆ ಇನ್ನೊಬ್ಬರ ಮನೆಗೆ, ಹಾಲೆರೆಯುವುದು, ಶೇಂಗಾ ಉಂಡಿ, ಎಳ್ಳಿನ ಉಂಡಿ, ಜೋಕಾಲಿ. ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವ ಹಬ್ಬ ಇದು. ನಮ್ಮಣ್ಣ ವಿಮಾನ ನಿಲ್ದಾಣಕ್ಕೆ ಬರುವುದಿಲ್ಲ, ಬಾಗಲಕೋಟೆ ರೈಲ್ವೆ ಸ್ಟೇಷನ್ನಿಗೆ ಬರುತ್ತಾನೆ. ಅಷ್ಟು ಸಾಕು.

ಒಂದು ಎಚ್ಚರ: ಹಬ್ಬದ ತಾರೀಖು ವರ್ಷ ವರ್ಷ ಸರಿಯುತ್ತದೆ. 2025ರಲ್ಲಿ ಪಂಚಮಿ ಜುಲೈ 29ಕ್ಕೆ ಬಂದರೆ, 2026ರಲ್ಲಿ ಅಧಿಕ ಮಾಸದ ಕಾರಣ ಆಗಸ್ಟ್ 17ಕ್ಕೆ. ಪಂಚಾಂಗ ನೋಡದೆ ಟಿಕೆಟ್ ಮಾಡಿದರೆ ಹಬ್ಬದ ಹಿಂದಿನ ದಿನ ವಾಪಸ್ ಹೊರಡುವ ಸ್ಥಿತಿ ಬರುತ್ತದೆ. ಅದಕ್ಕಿಂತ ದೊಡ್ಡ ಸಂಕಟ ಇಲ್ಲ.

ಡಿಸೆಂಬರ್ ರಜೆಗೆ ಬರುವವರು ಎಳ್ಳು ಅಮಾವಾಸ್ಯೆ ಯಾವಾಗ ಅಂತ ನೋಡಿ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು, 2025ರಲ್ಲಿ ಡಿಸೆಂಬರ್ 19ಕ್ಕೆ. ಕೆಲವು ವರ್ಷ ಜನವರಿಗೆ ಹೋಗುತ್ತದೆ. ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ, ಬದುವಿನ ಮೇಲೆ ಕೂತು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಲೆ, ಎಣ್ಣೆಗಾಯಿ ಉಣ್ಣುವುದನ್ನು ಮಕ್ಕಳು ಒಮ್ಮೆಯಾದರೂ ನೋಡಬೇಕು. ಏಪ್ರಿಲ್-ಮೇ ಮಾತ್ರ ಬೇಡ. ವಿಜಯಪುರದ ಬಿಸಿಲಿಗೆ ಶಾರ್ಜಾ ಮಕ್ಕಳೂ ಸೋಲುತ್ತಾರೆ. ಅಲ್ಲಿ ಬಿಸಿಲಿದ್ದರೂ ಏಸಿ ಇರುತ್ತದೆ, ಇಲ್ಲಿ ಕರೆಂಟ್ ಇರುವುದೇ ಗ್ಯಾರಂಟಿ ಇಲ್ಲ.

ದಾರಿ

ದುಬೈ, ಶಾರ್ಜಾದಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಗೆ ನೇರ ವಿಮಾನ ಇಲ್ಲ. ಬೆಳಗಾವಿಯವರಿಗೆ ಗೋವಾ ಹತ್ತಿರ. ಆದರೆ ಮಳೆಗಾಲದಲ್ಲಿ ರಾತ್ರಿ ಹೊತ್ತು ಚೋರ್ಲಾ ಘಾಟ್ ಹತ್ತಬೇಡಿ, ಮಂಜಿಗೆ ಮುಂದಿನ ಗಾಡಿಯೇ ಕಾಣುವುದಿಲ್ಲ. ಬೆಂಗಳೂರಿಗೆ ಇಳಿದರೆ ಬೆಳಗಾವಿಗೆ 2025ರ ಆಗಸ್ಟ್‌ನಿಂದ ವಂದೇ ಭಾರತ್ ಇದೆ. ಬಾಗಲಕೋಟೆ, ವಿಜಯಪುರದವರಿಗೆ ನಮ್ಮ ಹಳೇ ಗೋಲಗುಂಬಜ್ ಎಕ್ಸ್‌ಪ್ರೆಸ್ಸೇ ಗತಿ: ರಾತ್ರಿ ಹತ್ತಿ ಮಲಗಿದರೆ ಹುಬ್ಬಳ್ಳಿ, ಗದಗ, ಬಾದಾಮಿ ದಾಟಿ ಊರು. ಇಂಡಿ ಕಡೆಯವರು ಮುಂಬೈಗೆ ಇಳಿದು ಸೊಲ್ಲಾಪುರದ ರೈಲು ಹಿಡಿಯುವುದೂ ಉಂಟು. ಸೊಲ್ಲಾಪುರದಿಂದ ವಿಜಯಪುರ ಸುಮಾರು 100 ಕಿಲೋಮೀಟರ್.

ರೈಲಿನ ಟಿಕೆಟ್ ಮೊದಲಿನ ಹಾಗೆ ನಾಲ್ಕು ತಿಂಗಳು ಮುಂಚೆ ಸಿಗುವುದಿಲ್ಲ. 2024ರ ನವೆಂಬರ್‌ನಿಂದ 60 ದಿನ ಮಾತ್ರ. ಕ್ಯಾಲೆಂಡರಿನಲ್ಲಿ ಆ ದಿನ ಗುರುತು ಹಾಕಿಡಿ. ತತ್ಕಾಲ್ ನಂಬಿ ಕೂರಬೇಡಿ: 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕು. ಆಧಾರ್‌ಗೆ ಜೋಡಿಸಿದ ಭಾರತದ ನಂಬರ್ ಬಂದ್ ಆಗಿದ್ದರೆ ಓಟಿಪಿ ಎಲ್ಲಿಂದ ಬರಬೇಕು? ಹಾಗಾಗಿ ಹಳೇ ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಾ ಇರಿ. ಬ್ಯಾಂಕಿಗೂ ಅದೇ ಬೇಕು.

ವಿಮಾನ ಇಳಿದ ದಿನವೇ ಊರು ಮುಟ್ಟುವ ಹಟ ಬೇಡ. ಡಿಸೆಂಬರ್‌ನಲ್ಲಿ ಕಾರು ಮಾಡಿಕೊಂಡು ಬರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆಗ ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬಿನ ಸೀಸನ್. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೊರಟಿರುತ್ತದೆ. ಕತ್ತಲಲ್ಲಿ ಕಬ್ಬಿನ ತುದಿ ಗಾಜಿಗೆ ಬಡಿಯುವಷ್ಟು ಹತ್ತಿರ ಹೋದಾಗಲೇ ಕಾಣುವುದು. ಮಳೆಗಾಲದಲ್ಲಿ ಬರುವವರು ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹೊಳೆಯ ಸುದ್ದಿ ಕೇಳಿಕೊಂಡು ಹೊರಡಿ. 2019ರ ಆಗಸ್ಟ್‌ನಲ್ಲಿ ಈ ಹೊಳೆಗಳು ಏನು ಮಾಡಿದವು ಅಂತ ಬೆಳಗಾವಿ, ಬಾಗಲಕೋಟೆ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೈಗೆ ಏನು ತರಬೇಕು?

ಮನುಷ್ಯರನ್ನು ಎಣಿಸಬೇಡಿ, ಮನೆ ಎಣಿಸಿ. ಮನೆಗೊಂದು ಖರ್ಜೂರದ ಡಬ್ಬಿ, ಒಂದು ಚಾಕೊಲೇಟ್ ಪ್ಯಾಕೆಟ್. ಅಜ್ಜಿ ಇರುವ ಮನೆಗೆ ಒಂದು ಆಕ್ಸ್ ಆಯಿಲ್ ಶೀಶೆ. ಮೊಣಕಾಲಿಗೆ ಅದಕ್ಕಿಂತ ಒಳ್ಳೆಯ ಮದ್ದು ಭಾರತದಲ್ಲೇ ಇಲ್ಲ ಅಂತ ನಮ್ಮ ಆಯಿಯ ನಂಬಿಕೆ. ಸೀರೆ, ಬಟ್ಟೆ ಅಲ್ಲಿಂದ ಹೊರಬೇಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇಲ್ಲೇ ನೇಯುತ್ತಾರೆ, ಇಲ್ಲೇ ತೆಗೆದುಕೊಡಿ. ಉಟ್ಟುಕೊಳ್ಳುವ ಸೀರೆ ಕೊಟ್ಟಂತಾಗುತ್ತದೆ. ಆಚೆಯಿಂದ ತಂದ ಮಿಂಚುವ ಸೀರೆ ಟ್ರಂಕ್ ಸೇರಿ ಇನ್ನೊಬ್ಬರ ಆಯೇರಕ್ಕೆ ಹೋಗುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ.

ಚಿನ್ನ ತರುವವರಿಗೆ: ಒಂದು ವರ್ಷಕ್ಕಿಂತ ಜಾಸ್ತಿ ಹೊರಗಿದ್ದು ಬರುವ ಹೆಣ್ಣುಮಕ್ಕಳಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆಗೆ ಸುಂಕ ಇಲ್ಲ. ಬಿಲ್ ಜೊತೆಗಿರಲಿ. ಊರಿನವರು “ನನಗೂ ಒಂದು ಬಿಸ್ಕಿಟ್ ತಾ” ಅಂದರೆ ನಗುತ್ತಾ ಇಲ್ಲ ಅನ್ನಿ.

ಮೊದಲು ಯಾರ ಮನೆ?

ಇದರಲ್ಲಿ ನಾನು ಒಮ್ಮೆ ತಪ್ಪಿದ್ದೇನೆ. ನೀವು ತಪ್ಪಬೇಡಿ.

ನಾವು ಊರಲ್ಲಿ ಇಲ್ಲದ ವರ್ಷದಲ್ಲಿ ಯಾರ ಮನೆಯಲ್ಲಿ ಸಾವಾಗಿದೆಯೋ ಅವರ ಮನೆಗೆ ಮೊದಲು ಹೋಗಬೇಕು. ಮಾತಾಡಿಸಿ ಬರುವುದು ಅನ್ನುತ್ತಾರೆ ನಮ್ಮಲ್ಲಿ. ದೊಡ್ಡಪ್ಪ ತೀರಿಕೊಂಡಾಗ ನನಗೆ ಬರಲು ಆಗಿರಲಿಲ್ಲ. ಏಳು ತಿಂಗಳ ಮೇಲೆ ಬಂದೆ. ಬಂದವಳು ಹಬ್ಬ, ಮುಂಜಿವೆ, ಗೆಳತಿಯ ಮನೆ ಎಲ್ಲ ಮುಗಿಸಿ ಹನ್ನೆರಡನೇ ದಿನ ದೊಡ್ಡವ್ವನ ಮನೆಗೆ ಹೋದೆ. ಅದೂ ಕೈಯಲ್ಲಿ ಚಾಕೊಲೇಟ್ ಪ್ಯಾಕೆಟ್ ಹಿಡಿದು. ದೊಡ್ಡವ್ವ ಪ್ಯಾಕೆಟ್ ತೆಗೆದುಕೊಂಡರು. ಪಕ್ಕಕ್ಕೆ ಇಟ್ಟರು. “ಎಲ್ಲಾರ ಮನಿ ಆತೇನವಾ?” ಅಂತ ಕೇಳಿದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮೇಲೆ ನಮ್ಮ ಪದ್ಧತಿ ಇದು. ಊರಿಗೆ ಬರುವ ಮೊದಲು ಅವ್ವನನ್ನೂ ಅತ್ತೆಯನ್ನೂ ಕೇಳಿ ಒಂದು ಪಟ್ಟಿ ಮಾಡಿಕೊಳ್ಳುತ್ತೇವೆ: ಯಾರ ಮನೆಯಲ್ಲಿ ಸಾವಾಗಿದೆ, ಯಾರಿಗೆ ಆಪರೇಷನ್ ಆಗಿದೆ, ಯಾರ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಯಾರು ಮನೆ ಕಟ್ಟಿದ್ದಾರೆ. ಸಾವಾದ ಮನೆಗೆ ಮೊದಲ ಮೂರು ದಿನದೊಳಗೆ ಹೋಗುತ್ತೇವೆ. ಸಿಹಿ ಒಯ್ಯುವುದಿಲ್ಲ, ಮಕ್ಕಳನ್ನೂ ಒಯ್ಯುವುದಿಲ್ಲ, ಗಡಿಯಾರ ನೋಡುವುದಿಲ್ಲ. ತೀರಿಕೊಂಡವರ ಕೊನೆಯ ದಿನದ ಕಥೆಯನ್ನು ಅವರು ಇಪ್ಪತ್ತು ಜನರಿಗೆ ಹೇಳಿರುತ್ತಾರೆ. ನಮಗೂ ಮೊದಲಿನಿಂದ ಹೇಳುತ್ತಾರೆ. ಸುಮ್ನೆ ಕೇಳಬೇಕು. ಎರಡನೆಯದು ಕಾಯಿಲೆ ಬಿದ್ದವರ ಮನೆ. ಉಳಿದವರ ಮನೆ ಹಿಂದೆ ಮುಂದೆ ಆದರೂ ನಡೆಯುತ್ತದೆ.

ಹಾಗಾದರೆ ಉಳಿದ ಹದಿನೈದು ಮನೆ? ಅವರನ್ನು ನಿಮ್ಮ ಮನೆಗೆ ಕರೆಯಿರಿ. ನವನಗರದಲ್ಲಿ ನಮಗೆ ಇದು ಅನಿವಾರ್ಯವೂ ಆಯಿತು. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳು ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ, ಒಂದೇ ಓಣಿಯಲ್ಲಿದ್ದ ನಮ್ಮ ಬಳಗ ಸೆಕ್ಟರ್ ಸೆಕ್ಟರ್‌ಗೆ ಹಂಚಿಹೋಗಿದೆ. ಮೊದಲು ಬಾಗಿಲಿನಿಂದ ಬಾಗಿಲಿಗೆ ನಡೆದು ಒಂದು ಮಧ್ಯಾಹ್ನದಲ್ಲಿ ಆರು ಮನೆ ಆಗುತ್ತಿತ್ತು. ಈಗ ಆರು ಮನೆಗೆ ಆರು ಸಲ ಆಟೋ. ಅದಕ್ಕೇ ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆಯುತ್ತೇವೆ. ಆದರೆ ಅಡುಗೆ ಭಾರ ಅವ್ವನ ತಲೆ ಮೇಲೆ, ವೈನಿ ತಲೆ ಮೇಲೆ ಹಾಕಬೇಡಿ. ಖಾನಾವಳಿಯಿಂದ ರೊಟ್ಟಿ, ಜುಣಕಾ, ಕಾಳು ಪಲ್ಯ, ಗುರೆಳ್ಳು ಚಟ್ನಿ ತರಿಸಿ. ಗೋಧಿ ಹುಗ್ಗಿ ಮಾತ್ರ ಮನೆಯಲ್ಲಿ ಆಗಲಿ. ದುಡ್ಡು ನೀವು ಕೊಡಿ. ಊಟ ಆದ ಮೇಲೆ ಪಾತ್ರೆಗೆ ಕೈ ಹಾಕಿ. ರಜೆಗೆ ಬಂದ ನಾದಿನಿ ಸೋಫಾದಲ್ಲಿ ಕೂತು ಫೋನ್ ನೋಡುವುದನ್ನು ಯಾವ ವೈನಿಯೂ ಮರೆಯುವುದಿಲ್ಲ.

ಇಷ್ಟಾದರೂ ಕೆಲವು ಮನೆಗೆ ಹೋಗಲೇಬೇಕು. ಅಲ್ಲಿ ಸುಸಲಾ (ಒಗ್ಗರಣೆ ಹಾಕಿದ ನೆನೆಸಿದ ಚುರುಮುರಿ) ತಟ್ಟೆಯ ಸಮಸ್ಯೆ. ಬೆಳಗ್ಗೆ ಒಂಬತ್ತಕ್ಕೆ ಒಂದು ಮನೆಯಲ್ಲಿ ತಟ್ಟೆ ತುಂಬ ಸುಸಲಾ, ಮೇಲೆ ಎರಡು ಮಿರ್ಚಿ ಭಜಿ. ಹತ್ತಕ್ಕೆ ಇನ್ನೊಂದು ಮನೆಯಲ್ಲಿ ಅವಲಕ್ಕಿ. ಹನ್ನೊಂದಕ್ಕೆ ಮತ್ತೆ ಸುಸಲಾ. ಬೇಡ ಅಂದರೆ “ಪರದೇಶಕ್ಕ ಹೋಗಿ ನಮ್ಮನಿ ತಿನಿಸು ಸೇರದಂಗಾತೇನು?” ಅನ್ನುತ್ತಾರೆ. ನಾನು ಕಂಡುಕೊಂಡ ಉಪಾಯ: ಹಿಂದಿನ ದಿನವೇ ಫೋನ್ ಮಾಡಿ “ನಾಳಿ ಬರ್ತೀವ್ರಿ, ಬರೇ ಚಾ” ಅನ್ನುವುದು. ತಟ್ಟೆ ಬಂದೇ ಬರುತ್ತದೆ, ಆದರೆ ಅರ್ಧ ಇರುತ್ತದೆ.

ಮಕ್ಕಳು

ಹೊರಡುವ ಹದಿನೈದು ದಿನ ಮೊದಲು ಮದುವೆ ಆಲ್ಬಮ್ ತೆಗೆಯಿರಿ. ಫೋಟೋ ತೋರಿಸಿ “ಇವರು ಮುತ್ಯಾ, ಇವರು ಆಯಿ, ಇವರು ಅಪ್ಪನ ಅಕ್ಕ, ನಿನಗೆ ಅತ್ತಿ” ಅಂತ ಬಾಯಿಪಾಠ ಮಾಡಿಸಿ. ಎಲ್ಲರನ್ನೂ ಅಂಕಲ್, ಆಂಟಿ ಅಂದರೆ ಹಿರಿಯರ ಮುಖ ಸಣ್ಣದಾಗುತ್ತದೆ. ನನ್ನ ಮಗ ಮೊದಲ ಸಲ “ಮುತ್ಯಾ, ಚಾ ಕುಡೀರಿ” ಅಂದಾಗ ನಮ್ಮ ಮಾವನವರು ಅದನ್ನು ಕಟ್ಟೆಯ ಮೇಲೆ ಕೂತವರಿಗೆಲ್ಲ ಎರಡು ದಿನ ಹೇಳಿದರು.

ನಮಗೂ ಅವರಿಗೂ ಗಡಿಯಾರದಲ್ಲಿ ಒಂದೂವರೆ ತಾಸು ವ್ಯತ್ಯಾಸ. ಮಕ್ಕಳು ಮೊದಲ ಮೂರ್ನಾಲ್ಕು ದಿನ ತಡವಾಗಿ ಏಳುತ್ತಾರೆ. ಅಜ್ಜಿ ಆರಕ್ಕೇ ಎಬ್ಬಿಸಲು ಬರುತ್ತಾರೆ. ಮೊದಲೇ ಹೇಳಿಡಿ.

ಖಾರಕ್ಕೆ ಮೊಸರು, ಬೆಣ್ಣೆ. ನೀರಿಗೆ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇರುತ್ತದೆ, ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬಗ್ಗೆ ಹೊರಡುವ ಕೆಲವು ವಾರ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿ. ಓಣಿಯ ನಾಯಿ ಕಚ್ಚಿದರೆ ಅಥವಾ ಪರಚಿದರೆ ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ.

ಒಂದು ದಿನ ಕ್ರೂಸರ್ ಗಾಡಿ

ನಾಲ್ಕೇ ಜನ ಕಾರಿನಲ್ಲಿ ಕೂತು ಬಾದಾಮಿ ನೋಡಿ ಬರಬೇಡಿ. ಒಂದು ಕ್ರೂಸರ್ ಬಾಡಿಗೆಗೆ ಹಿಡಿಯಿರಿ. ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ಜೊತೆಗೆ ಅವ್ವ, ಎಲ್ಲರನ್ನೂ ತುಂಬಿಕೊಳ್ಳಿ. ಬುತ್ತಿ ಕಟ್ಟಿಕೊಳ್ಳಿ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನ ಇದೆ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಇದೆಲ್ಲ ಮಕ್ಕಳಿಗೆ ಹೇಳಿ, ಆದರೆ ಪರೀಕ್ಷೆ ತೆಗೆದುಕೊಳ್ಳಬೇಡಿ. ಅವರ ನೆನಪಿನಲ್ಲಿ ಉಳಿಯುವುದು ಬುತ್ತಿಗೆ ಕೈ ಹಾಕಿದ ಮಂಗ.

ವಿಜಯಪುರದವರಿಗೆ ಗೋಲಗುಂಬಜ್ ಮನೆಯ ಹಿತ್ತಲಿದ್ದ ಹಾಗೆ. ಬೆಳಗ್ಗೆ ಬೇಗ ಹೋಗಿ. ಶಾಲೆ ಪ್ರವಾಸದ ಮಕ್ಕಳು ಬಂದು ಕೂಗತೊಡಗಿದರೆ ಪಿಸುಮಾತಿನ ಮಜಾ ಹೋಯಿತು. ನಮ್ಮ ಮಾವ ಎಂಬತ್ತರ ಹತ್ತಿರದವರು, ಮೆಟ್ಟಿಲು ಹತ್ತಲಾರರು. ಕೆಳಗೆ ಹುಲ್ಲಿನ ಮೇಲೆ ಕೂತು ಕಾಯುತ್ತಾರೆ, ಚುರುಮುರಿ ಅವರ ಹತ್ತಿರವೇ ಇರುತ್ತದೆ.

ಕಚೇರಿ ಕೆಲಸ

ಎರಡು ದಿನಕ್ಕಿಂತ ಜಾಸ್ತಿ ಕೊಡಬೇಡಿ, ಅವೂ ಮೊದಲ ವಾರದಲ್ಲೇ ಇರಲಿ. ಕೊನೆಯ ವಾರದಲ್ಲಿ ಹೋದರೆ “ಸಾಹೇಬ್ರು ರಜಾ ಅದಾರ್ರಿ” ಅನ್ನುವ ಉತ್ತರಕ್ಕೆ ಮದ್ದಿಲ್ಲ. ಹೊರದೇಶದಲ್ಲಿ ನೆಲೆಸಿದವರು ಊರಿನ ಸಾದಾ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಎನ್‌ಆರ್‌ಓ ಅನ್ನುವ ಅನಿವಾಸಿಗಳ ಖಾತೆ ಮಾಡಿಸಬೇಕು. ಹೊಲದ ವಾರಸಾ (ಹಿರಿಯರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವುದು) ಬಾಕಿ ಇದ್ದರೆ ಅಣ್ಣ ತಮ್ಮಂದಿರ ಜೊತೆ ಕೂತು ಮಾತಾಡಿ, ಆದರೆ ಹಬ್ಬದ ದಿನ ಬೇಡ.

ಹೊರಡುವ ಮುಂಚಿನ ಎರಡು ದಿನ

ಕೊನೆಯ ಎರಡು ದಿನ ಯಾರ ಮನೆಗೂ ಹೋಗುವುದಿಲ್ಲ ಅಂತ ಎಲ್ಲರಿಗೂ ಹೇಳಿಬಿಡಿ. ಬರುವವರು ಬರಲಿ. ಬ್ಯಾಗ್ ತೂಗಲು ಒಂದು ತೂಕದ ಕೊಕ್ಕೆ ಅಲ್ಲಿಂದಲೇ ತನ್ನಿ, ಎರಡು ದಿನ ಮುಂಚೆ ಒಮ್ಮೆ ತೂಗಿ. ಬೆಳಗಾವಿ ಕುಂದಾ, ಅಮೀನಗಡದ ಕರದಂಟು, ಅವ್ವನ ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಕಟ್ಟು, ಎಲ್ಲಕ್ಕೂ ಜಾಗ ಬೇಕು. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲೇ ಇಡಿ. ದೊಡ್ಡ ಬ್ಯಾಗಿಗೆ ಹಾಕಿದರೆ ಶಾರ್ಜಾ ಮುಟ್ಟುವಷ್ಟರಲ್ಲಿ ನುಚ್ಚು.

ಈಗ ಹೇಳುವುದನ್ನು ಯುಎಇಗೆ ಹೋಗುವವರು ಗಮನವಿಟ್ಟು ಓದಿ. ಅಲ್ಲಿ ಗಸಗಸೆ ನಿಷೇಧ. ಒಂದು ಚಮಚವೂ ಇರಬಾರದು, ಜೈಲಿನವರೆಗೂ ಹೋಗಬಹುದು. ಅವ್ವಂದಿರಿಗೆ ಇದು ಗೊತ್ತಿರುವುದಿಲ್ಲ. ಅಂಟಿನ ಉಂಡಿಗೆ, ಮಸಾಲಿ ಖಾರಕ್ಕೆ, ಕೆಲವು ಕಡೆ ಕರದಂಟಿಗೂ ಗಸಗಸೆ ಹಾಕುತ್ತಾರೆ. ಒಂದು ವರ್ಷ ನಮ್ಮ ಅತ್ತೆ ಎರಡು ಕಿಲೋ ಅಂಟಿನ ಉಂಡಿ ಕಟ್ಟಿ ಡಬ್ಬಿಗೆ ತುಂಬಿದ ಮೇಲೆ ನಾನು ಕೇಳಿದೆ, “ಅತ್ತಿ, ಇದಕ್ಕ ಗಸಗಸಿ ಹಾಕೀರೇನ್ರಿ?” “ಹಾಕಲಾರದ ಹೆಂಗ?” ಅಂದರು. ಆ ಎರಡು ಕಿಲೋ ಓಣಿಯ ಬಾಣಂತಿಯ ಮನೆಗೆ ಹೋಯಿತು. ಈಗ ಉಂಡಿ ಕಟ್ಟುವ ವಾರ ಮೊದಲೇ ಫೋನ್ ಮಾಡಿ ನೆನಪಿಸುತ್ತೇನೆ. ಅಂಗಡಿಯಲ್ಲಿ ಕೊಂಡರೆ ಪ್ಯಾಕೆಟ್ ಮೇಲೆ ಬರೆದದ್ದನ್ನು ಓದಿ. ಹಾಗೆಯೇ ಊರಿನ ಮೆಡಿಕಲ್ ಶಾಪಿನ ಕೆಮ್ಮಿನ ಔಷಧಿ, ನೋವಿನ ಗುಳಿಗೆ: ಕೊಡೀನ್, ಟ್ರಮಡಾಲ್ ಇದ್ದರೆ ಅಲ್ಲಿ ತೊಂದರೆ. ಡಾಕ್ಟರ್ ಚೀಟಿ ಇದ್ದರೂ ಮುಂಚಿತ ಅನುಮತಿ ಇಲ್ಲದೆ ಒಯ್ಯಬೇಡಿ.

ಇನ್ನು ಉಡಿ. ಹೊರಡುವ ಮುಂಚೆ ಅವ್ವ, ಚಿಗವ್ವ, ದೊಡ್ಡವ್ವ, ಅಕ್ಕ ಎಲ್ಲರೂ ಉಡಿ ತುಂಬುತ್ತಾರೆ. ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಖಣ. ಐದು ಮನೆಯ ಉಡಿ ಅಂದರೆ ಐದಾರು ಕಿಲೋ. ಒಮ್ಮೆ ಎಲ್ಲವನ್ನೂ ಹಾಗೇ ಬ್ಯಾಗಿಗೆ ತುಂಬಿದ್ದೆ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಬಿಚ್ಚಿಸಿ ಕೊಬ್ಬರಿ ಬಟ್ಟಲುಗಳನ್ನೆಲ್ಲ ಹೊರಗೆ ತೆಗೆಸಿದರು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿಯೇ ಕಾದು ಬೆಂಕಿ ಹತ್ತಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಉಡಿಯ ಕೊಬ್ಬರಿಯನ್ನು ಕಸದ ಡಬ್ಬಿ ಪಕ್ಕ ಇಟ್ಟು ಬರುವಾಗ ನನಗೆ ಅಳುವೇ ಬಂದಿತ್ತು.

ಈಗ ಮಾಡುವುದು ಹೀಗೆ. ಕೊಬ್ಬರಿ, ಕಾಯಿ ಅವ್ವನ ಅಡುಗೆ ಮನೆಗೆ. ಐದೂ ಉಡಿಯ ಅಕ್ಕಿ ಬೆರೆಸಿ ಒಂದೇ ಚೀಲಕ್ಕೆ ಪಾವಿನಷ್ಟು ತುಂಬಿಕೊಳ್ಳುತ್ತೇನೆ, ಉಳಿದದ್ದು ಡಬ್ಬಿಗೆ. ಖಣಗಳನ್ನು ಮಡಚಿ ಮಕ್ಕಳ ಬಟ್ಟೆಯ ನಡುವೆ ಇಡುತ್ತೇನೆ, ತೂಕ ಹತ್ತುವುದಿಲ್ಲ. ಆ ಪಾವು ಅಕ್ಕಿಯನ್ನು ಶಾರ್ಜಾಕ್ಕೆ ಮುಟ್ಟಿದ ಮಾರನೇ ದಿನ ಬೇಯಿಸುತ್ತೇನೆ. ಇಟ್ಟರೆ ಹುಳ ಬೀಳುತ್ತದೆ.